ಕ್ಯಾಸೆಟ್ಟಿನ ಬಾಜೂಕ ಒಂದು ಚೀಟಿ

ಯಾರಾದರೂ ಪೆನ್ನು ತೆಗೆದು ಕ್ಯಾಸೆಟ್ಟಿನ ಹತ್ತಿರ ಹೋದರೆ ಸಾಕು, ಕಾಕಾ ಒಳಗಿನಿಂದಲೇ ಕೂಗುತ್ತಿದ್ದರು.

“ಏ ಏ, ಅದರ ಮ್ಯಾಲ ಬರೀಬ್ಯಾಡ್ರಿ! ಅದೇನು ಸಾಲಿ ಗ್ವಾಡಿ ಅಲ್ಲ.”

“ಮತ್ತ ಯಾರ ಲಗ್ನದ್ದಂತ ಹೆಂಗ ತಿಳೀಬೇಕ್ರಿ ಕಾಕಾ?”

“ಬಾಜೂಕ ಚೀಟಿ ಐತಲಾ!”

ಘಟಪ್ರಭಾದಲ್ಲಿ ಸ್ಟೇಷನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ಒಂದೇ ಸೂರಿನ ಕೆಳಗೆ ಎರಡು ಅಂಗಡಿಗಳಿದ್ದವು. ಒಂದು ನನ್ನ ಹೊಲಿಗೆ ಅಂಗಡಿ, ಇನ್ನೊಂದು ಕಾಕಾರ ವಿಡಿಯೋ ಅಂಗಡಿ. ನಡುವೆ ಎದೆಮಟ್ಟದ ಗೋಡೆ. ನನ್ನ ಮಷಿನ್ನಿನ ಟಕಟಕ ಅವರಿಗೆ, ಅವರ ಟಿವಿಯ ವಾಲಗ ನನಗೆ. ಹೀಗೆ ಕುಳಿತಲ್ಲೇ ನಾನು ನೋಡಿದಷ್ಟು ಲಗ್ನಗಳನ್ನು ಯಾವ ಪುರೋಹಿತರೂ ನೋಡಿರಲಿಕ್ಕಿಲ್ಲ. ಊಟ ಮಾತ್ರ ಒಂದರದ್ದೂ ಸಿಗಲಿಲ್ಲ.

ಕಾಕಾ ತೀರಿಕೊಂಡು ಒಂದು ದೀಪಾವಳಿ ಕಳೆಯಿತು. ಮಾಗಿದ ವಯಸ್ಸು, ಉಂಡು ಮಲಗಿದವರು ಏಳಲಿಲ್ಲ. ಮಾತಾಡಿಸಲು ಬಂದವರೆಲ್ಲ ಒಂದೊಂದು ಕಥೆ ಹೇಳಿ ನಕ್ಕು, ಆಮೇಲೆ ನಕ್ಕಿದ್ದಕ್ಕೆ ನಾಚಿ ಮುಖ ಒರೆಸಿಕೊಂಡು ಹೋಗುತ್ತಿದ್ದರು. ಅವರ ಹೆಂಡತಿಗೆ ನಾವೆಲ್ಲ ಕಾಕು ಎನ್ನುತ್ತೇವೆ. ಕಾಕುವೇ ನನಗೆ ಅಂದದ್ದು: “ನೀ ಮಾತಾಡಿದಂಗ ಒಂದಿಷ್ಟು ಬರದ ಇಡ ಮಗಳ. ನಕ್ಕದ್ದೂ ಬರಿ.”

ಬರೆಯುವುದಾದರೆ ಮೊದಲು ಆ ಕಣ್ಣನ್ನು ಬರೆಯಬೇಕು. ಕಾಕಾ ಎತ್ತರದ ಬಡಕಲು ಆಸಾಮಿ, ಬಿಳಿ ಪೈಜಾಮ, ಬಿಳಿ ಅಂಗಿ. ಕ್ಯಾಮೆರಾದಲ್ಲಿ ನೋಡಿ ನೋಡಿ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಬದನೆಕಾಯಿ ಆರಿಸುವಾಗಲೂ ಹಾಗೆಯೇ, ದೇವರಿಗೆ ಕೈಮುಗಿಯುವಾಗಲೂ ಹಾಗೆಯೇ. ಹೊಸದಾಗಿ ಬಂದ ಹೆಣ್ಣುಮಕ್ಕಳು ಗಾಬರಿಯಾಗುತ್ತಿದ್ದರು. “ಕಣ್ಣ ಹೊಡಿಯಾಕತ್ತಿಲ್ರೆವ್ವಾ, ಅವ್ರ ಕಣ್ಣಿಗೆ ಲಗ್ನ ಹತ್ತೇತಿ” ಎಂದು ಕಾಕು ಸಮಾಧಾನ ಹೇಳಬೇಕಾಗುತ್ತಿತ್ತು.

ಜೈನರಾದ್ದರಿಂದ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಸಂಜೆಯ ಲಗ್ನವಿದ್ದರೆ ಎಲ್ಲರೂ ಮದುಮಗನ ದಾರಿ ಕಾಯುತ್ತಿರುವಾಗ ಇವರು ಹಂದರದ ಹಿಂದೆ ಅಕ್ಕಿ ಚೀಲದ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಒಮ್ಮೆ ಗೋಕಾಕದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು, “ಕ್ಯಾಮೆರಾದವ್ರ, ಇನ್ನೂ ತಾಳಿ ಕಟ್ಟಿಲ್ಲ, ನೀವಾಗಲೇ ಊಟಕ್ಕ ಕುಂತೀರಲಾ?” ಎಂದು ಚುಚ್ಚಿದರು. ಕಾಕಾ ಇಳಿಯುತ್ತಿದ್ದ ಸೂರ್ಯನ ಕಡೆ ಬೆರಳು ತೋರಿಸಿ, “ತಾಳಿಗೆ ನಿಮ್ಮ ಮುಹೂರ್ತ, ನನ್ನ ರೊಟ್ಟಿಗೆ ಅವನ ಮುಹೂರ್ತ” ಎಂದರು. ಆ ಹಿರಿಯರೂ ಪಕ್ಕದ ಚೀಲದ ಮೇಲೆ ಕುಳಿತು ಅರ್ಧ ರೊಟ್ಟಿ ಇಸಿದುಕೊಂಡರಂತೆ.

ಇನ್ನು ಚೀಟಿಯ ಸಂಗತಿ. ಆಗೆಲ್ಲ ವಿಡಿಯೋದವರಿಗೆ ಹೆಸರು ಕುಣಿಸುವ ಹುಚ್ಚು. ಪರದೆಯ ಮೇಲೆ ಗುಲಾಬಿ ಹೂ ಉದುರುತ್ತವೆ, ಎರಡು ಹೃದಯಗಳು ಡಿಕ್ಕಿ ಹೊಡೆಯುತ್ತವೆ, ನಡುವಿನಿಂದ ಮದುಮಕ್ಕಳ ಹೆಸರು ಗಿರಗಿರ ತಿರುಗುತ್ತ ಬರುತ್ತದೆ. ಕಾಕಾ ಕೂಡ ತಾವು ತೆಗೆದ ಮೊದಲ ಲಗ್ನದ ಕ್ಯಾಸೆಟ್ಟಿನಲ್ಲಿ ಹಾಗೆಯೇ ಮಾಡಿದ್ದರು. ಹತ್ತು ಸಲ ಹೂ ಉದುರಿಸಿದ್ದರು. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲಗ್ನದ ದಿನವೇ ಸೊಸೆಗೆ ಹೊಸ ಹೆಸರಿಡುತ್ತಾರೆ. ತವರಿನ ಹೆಸರು ತವರಿಗೆ, ಇಲ್ಲಿಯ ಹೆಸರು ಇಲ್ಲಿಗೆ. ಕ್ಯಾಸೆಟ್ ಹಾಕಿ ಕುಳಿತ ಅತ್ತೆ, ಹೂವಿನ ನಡುವೆ ಹಳೆಯ ಹೆಸರು ಬಂದ ಕೂಡಲೇ, “ಇದ್ಯಾರ ಲಗ್ನದ್ದು ಕೊಟ್ಟಾರ? ನಮ್ಮ ಸೊಸೀ ಹೆಸರು ಇದಲ್ಲ” ಎಂದು ಎದ್ದುಬಿಟ್ಟಳು. ತವರಿನವರು, “ಇದ್ದದ್ದ ಹಾಕ್ಯಾನ, ಏನ ತಪ್ಪೈತಿ?” ಎಂದರು. ಅತ್ತ ಬೀಗರು, ಇತ್ತ ಬೀಗರು, ನಡುವೆ ಕ್ಯಾಸೆಟ್ ಹಿಡಿದ ಕಾಕಾ. ಹೆಸರನ್ನು ತೆಗೆಯಬೇಕೆಂದರೆ ಅದರ ಹಿಂದಿನ ಚಿತ್ರವೂ ಹೋಗುತ್ತದೆ. ಅಲ್ಲಿ ತಾಳಿ ಇದೆ.

ಅವತ್ತಿನಿಂದ ಕಾಕಾ ಚಿತ್ರದ ಮೇಲೆ ಒಂದಕ್ಷರ ಬರೆಯಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಅವುಗಳ ಖಾಲಿ ಬೆನ್ನಿನ ಮೇಲೆ ಬರೆದು, ಆ ಚೀಟಿಯನ್ನು ಕ್ಯಾಸೆಟ್ಟಿನ ಪಕ್ಕದಲ್ಲಿ ಇಟ್ಟರು. ಕೇಳಿದವರಿಗೆ ಹೇಳುತ್ತಿದ್ದರು: “ಕ್ಯಾಸೆಟ್ ಅಂದ್ರ ಕಣ್ಣು. ಚೀಟಿ ಅಂದ್ರ ಬಾಯಿ. ಕಣ್ಣು ಕಂಡದ್ದ ಕಂಡಂಗ ಇರ್ತೈತಿ. ಬಾಯಿ ಇವತ್ತೊಂದು ಅಂತೈತಿ, ನಾಳಿಗೊಂದು ಅಂತೈತಿ. ಎರಡೂ ಬಾಜೂ ಬಾಜೂ ಇರ್ಬೇಕು, ಒಂದರಾಗ ಒಂದು ತುರುಕಬಾರದು.”

ಆ ಚೀಟಿಗಳನ್ನು ಓದುವುದೇ ಒಂದು ಸುಖ. ಹೆಣ್ಣು, ಗಂಡು, ಊರು ಇಷ್ಟೇ ಬರೆದು ಕೈತೊಳೆದುಕೊಳ್ಳುವ ಪೈಕಿ ಅಲ್ಲ ಅವರು. “ಹಸಿರು ಶಾಲಿನವರು ಅಂಕಲಗಿಯ ದೊಡ್ಡಪ್ಪ. ಸಿಟ್ಟಿಲ್ಲ, ಹೊಸ ಹಲ್ಲು ಕಟ್ಟಿಸಿದ್ದಾರೆ.” “ಆಯೇರಿ ಉಡುಗೊರೆಗಳನ್ನು ಕೂಗುವ ದನಿ ಘೋಡಗೇರಿಯ ಮಾಸ್ತರರದು. ಮುಖ ಕಾಣುವುದಿಲ್ಲ.” “ಕಣ್ಣೊರೆಸಿಕೊಳ್ಳುವವರು ಮದುಮಗಳ ಅತ್ತಿಗೆ. ಹೋಮದ ಹೊಗೆ, ದುಃಖವಲ್ಲ.” ಆ ಅತ್ತಿಗೆಯೇ ಒಂದು ದಿನ ಬಂದು, “ದುಃಖಾನೂ ಇತ್ರಿ ಕಾಕಾ, ನೀವ್ಯಾಕ ಹಂಗ ಬರದ್ರಿ?” ಎಂದು ಜಗಳ ತೆಗೆದಳು. ಕಾಕಾ ಹಳೆಯ ಚೀಟಿ ಹರಿದು ಹೊಸದು ಬರೆದರು: “ಹೊಗೆ ಮತ್ತು ದುಃಖ.” ಆಕೆ ಖುಷಿಯಿಂದ ಹೋದಳು. ಕ್ಯಾಸೆಟ್ಟು ಇದ್ದಲ್ಲೇ ಇತ್ತು, ಅದರ ಮೈಮೇಲೆ ಒಂದು ಗೀರೂ ಇಲ್ಲ.

ಮನೆಯವರಿಗೆ ನಕಲು ಕೊಟ್ಟು ಮೂಲದ ಕ್ಯಾಸೆಟ್ಟನ್ನು ಕಾಕಾ ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಅದಕ್ಕೂ ಕಾರಣವಿತ್ತು. ಜನ ತಮ್ಮ ಲಗ್ನದ ಮೇಲೆ ಏನು ಬೇಕಾದರೂ ಮತ್ತೆ ತುಂಬಿಸುತ್ತಿದ್ದರು. ಹುಕ್ಕೇರಿಯ ಒಬ್ಬಾತನ ಕ್ಯಾಸೆಟ್ಟಿನಲ್ಲಿ ಸರಿಯಾಗಿ ತಾಳಿ ಕಟ್ಟುವ ಗಳಿಗೆಗೆ ಕ್ರಿಕೆಟ್ ಶುರುವಾಗಿ, ಯಾರೋ ಔಟಾಗಿ ತಲೆ ಬಗ್ಗಿಸಿಕೊಂಡು ಹೊರಟಿದ್ದ. “ಖರೇ ಹೇಳಬೇಕಂದ್ರ ಚಿತ್ರ ಭಾಳ ಏನೂ ಬದಲಾಗಿಲ್ಲ” ಎಂದು ಆತನ ಗೆಳೆಯರು ಕಿಚಾಯಿಸಿದರು.

ಇಂಥ ಕಾಕಾರ ಹತ್ತಿರ ಒಂದು ದಿನ ಮೂಡಲಗಿ ಅಕ್ಕ ಬಂದಳು. ಬಂದವಳು ಒಂದೇ ಮಾತಿಗೆ, “ನನ್ನ ತಮ್ಮನ್ನ ಕತ್ತರಿಸ್ರಿ” ಎಂದಳು. ನನ್ನ ಕೈಯಲ್ಲಿದ್ದ ಕತ್ತರಿ ನಿಂತುಬಿಟ್ಟಿತು.

ಈ ಅಕ್ಕ ನನ್ನ ಹಳೆಯ ಗಿರಾಕಿ. ಮೂಡಲಗಿಯ ಒಕ್ಕಲುತನದ ಮನೆ, ಎರಡು ಹೆಣ್ಣುಮಕ್ಕಳು, ಬಾಯಿ ತುಸು ಜೋರು, ಕೈ ಅದಕ್ಕಿಂತ ಧಾರಾಳ. ಹಿರಿಯ ಮಗಳ ಲಗ್ನವಾಗಿ ತಿಂಗಳೂ ಆಗಿರಲಿಲ್ಲ. ತಮ್ಮ ಹುಕ್ಕೇರಿಯವನು, ಆಳೆತ್ತರದ ಮನುಷ್ಯ, ತಲೆಯಂತೂ ಹಂಡೆಯಷ್ಟು. ನಮ್ಮ ಕಡೆ ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಆತ ನಿಂತಿದ್ದ, ಗುಡ್ಡ ನಿಂತಂತೆ. ಆಮೇಲೆ ಬೀಗರ ಎದುರಿಗೆ ಸೋದರಮಾವನಿಗೆ ಟೊಪಗಿ, ಟಾವೆಲು ಕೊಟ್ಟು ಮಾನ ಮಾಡುವ ಪದ್ಧತಿ. ಅಲ್ಲಿ ಕೆಟ್ಟಿತು. ಗಡಿಬಿಡಿಯಲ್ಲಿ ಯಾರೋ ಸಣ್ಣ ಟೊಪಗಿ ತೆಗೆದುಕೊಟ್ಟಿದ್ದರು. ಅದು ಆ ತಲೆಯ ಮೇಲೆ ಹಂಡೆಯ ಮೇಲೆ ವಾಟಿ ಬಟ್ಟಲು ಇಟ್ಟ ಹಾಗೆ ಕೂತಿತು, ಒತ್ತಿದರೆ ಜಾರಿತು. ಬೀಗರ ಸಾಲಿನಿಂದ ಒಬ್ಬರು ಕಿಸಕ್ಕನೆ ನಕ್ಕರು. ತಮ್ಮ ಆ ಟೊಪಗಿ ತೆಗೆದು ಕುರ್ಚಿಯ ಮೇಲಿಟ್ಟು, ಉಣ್ಣದೆ, ಯಾರಿಗೂ ಹೇಳದೆ ಹುಕ್ಕೇರಿಯ ದಾರಿ ಹಿಡಿದ. “ಕೂಸಿನ ಟೊಪಗಿ ತಂದು ನನ್ನ ಮಾನ ತಗದ್ರು” ಎಂದು ಆತ ಊರಲ್ಲಿ ಹೇಳಿದನಂತೆ. “ನನ್ನ ಮಗಳ ಲಗ್ನದಾಗ ಊಟಾ ಬಿಟ್ಟ ಹೋದ” ಎಂದು ಈಕೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಇಲ್ಲಿ ಒಂದು ಟೊಪಗಿ ಎರಡು ಮನೆ ಕೆಡಿಸಿತ್ತು.

“ಆಂವ ಇದ್ದ ಜಾಗಾ ಎಲ್ಲಾ ತಗೀರಿ ಕಾಕಾ. ನನಗ ಆ ಮಾರಿ ಕಾಣಬಾರದು.”

“ಕತ್ತರಿಸಿದ್ರ ಮದುಮಗಳೂ ಹೋಗ್ತಾಳಲ ತಂಗಿ. ಆಕಿ ಹಿಂದನ ನಿಂತಾನ.”

“ಏನರೇ ಮಾಡ್ರಿ.”

“ಚಿತ್ರ ನಾ ಮುಟ್ಟಂಗಿಲ್ಲ. ಚೀಟಿ ನಿಂದು. ಚೀಟ್ಯಾಗ ಏನ ಬರೀಲಿ ಹೇಳು.”

ಚೀಟಿಯಲ್ಲಿ “ಹಿಂದೆ ನಿಂತವರು ಸೋದರಮಾವ, ಹುಕ್ಕೇರಿ” ಎಂದಿತ್ತು. ಅಕ್ಕ ಅದನ್ನು ಹೊಡೆದು ಹಾಕಿಸಿದಳು. ಜಾಗ ಖಾಲಿ ಬಿಡಬೇಕೆಂದಳು. ಕಾಕಾ ಒಪ್ಪಲಿಲ್ಲ, ಕಂಡದ್ದನ್ನು ಕಂಡಿಲ್ಲ ಎಂದು ಚೀಟಿಯೂ ಹೇಳಬಾರದಂತೆ. ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಇಬ್ಬರೂ ಒಂದು ವಾಕ್ಯಕ್ಕೆ ಬಂದು ನಿಂತರು: “ಇಲ್ಲಿ ಯಾರೋ ಒಬ್ಬರು ನಿಂತಿದ್ದಾರೆ.”

ಅಕ್ಕ ಹೋದ ಮೇಲೆ ಕಾಕಾ ಗೋಡೆಯ ಮೇಲಿನಿಂದ ನನ್ನ ಕಡೆ ಬಗ್ಗಿ, “ಸಿಟ್ಟು ಅಂದ್ರ ಬಾಡಿಗಿ ಮನ್ಯಾಗಿನ ಜನ ಇದ್ದಂಗ ಮಗಳ. ಎಂದಾದ್ರೂ ಒಂದಿನ ಖಾಲಿ ಮಾಡ್ತಾರ. ಅವರ ಸಲುವಾಗಿ ಗ್ವಾಡಿ ಒಡಸಬಾರದು” ಎಂದರು.

ಆದರೆ ಆ ಬಾಡಿಗೆಯವರು ಲಗೂನ ಖಾಲಿ ಮಾಡಲಿಲ್ಲ. ವರ್ಷಗಳು ಹೋದವು. ಕಿರಿಯ ಮಗಳು ಲಗ್ನಕ್ಕೆ ಬಂದಳು. ಗೋಕಾಕದ ಒಳ್ಳೆಯ ಮನೆತನದಿಂದ ಕೇಳಿ ಬಂದರು, ಹುಡುಗ ಹುಡುಗಿ ಒಪ್ಪಿದರು, ಎಲ್ಲ ಸರಿ. ಬೀಗರಾಗುವವರು ಎರಡೇ ಮಾತು ಕೇಳಿದರು. ಹಿರಿಯ ಮಗಳ ಲಗ್ನದ ಕ್ಯಾಸೆಟ್ ಇದ್ದರೆ ಕೊಡಿ, ನೆಂಟರನ್ನೆಲ್ಲ ನೋಡಿದ ಹಾಗಾಗುತ್ತದೆ. ಮತ್ತೆ, ಹುಡುಗಿಯ ಸೋದರಮಾವ ಯಾರು, ಬೆನ್ನಿಗೆ ನಿಲ್ಲುವವರನ್ನು ಕರೆಸಿ, ಪರಿಚಯವಾಗಲಿ.

ಅಕ್ಕ ಅಳುಮುಖ ಮಾಡಿಕೊಂಡು ನನ್ನ ಅಂಗಡಿಗೆ ಬಂದಳು. ಕ್ಯಾಸೆಟ್ಟಿನ ಗತಿ ಏನಾಗಿತ್ತೆಂದರೆ, ಕಾಕಾ ಕತ್ತರಿಸದಿದ್ದ ಸಿಟ್ಟಿಗೆ ಆಕೆ ಮನೆಯ ನಕಲಿನಲ್ಲಿ ತಮ್ಮ ಇದ್ದ ಕಡೆಯೆಲ್ಲ ಟಿವಿಯ ಕೃಷಿ ಕಾರ್ಯಕ್ರಮ ತುಂಬಿಸಿದ್ದಳು. ಅಕ್ಕಿಕಾಳು ಬೀಳಬೇಕು ಎನ್ನುವಷ್ಟರಲ್ಲಿ ಒಬ್ಬರು ಬಂದು ಕಬ್ಬಿಗೆ ಯೂರಿಯಾ ಹೇಗೆ ಹಾಕಬೇಕೆಂದು ಹೇಳುತ್ತಿದ್ದರು.

“ಬೀಗರಿಗೆ ಯೂರಿಯಾ ತೋರಸಲೇನ? ಕಾಕಾನ ಕಡಿಂದ ಮೂಲದ್ದ ಕೊಡಸ.”

“ಕ್ಯಾಸೆಟ್ ಕಾಕಾ ಕೊಡ್ತಾರ. ಬೆನ್ನಿಗೆ ನಿಂದ್ರಾವ್ರ ಯಾರು?”

ಅಕ್ಕ ಸೆರಗಿನ ತುದಿ ತಿರುವುತ್ತ ಕುಳಿತಳು. “ದೂರದ ಅಣ್ಣ ಒಬ್ಬಾಂವ ಅದಾನ. ಆಂವ ನಿಂತ್ರ ಸೋದರಮಾವ ಇಲ್ಲೇನು ಅಂತ ಕೇಳ್ತಾರ. ಹುಡುಗಿ ಹಟಾ ಹಿಡದಾಳ, ಮಾಮಾ ಬಂದ್ರನ ಹಂದರಕ್ಕ ಬರ್ತೀನಿ, ಇಲ್ಲಾಂದ್ರ ಬೆನ್ನ ಹಿಂದ ಖಾಲೀನ ಇರ್ಲಿ ಅಂತಾಳ.”

“ನೀನ ಹೋಗಿ ಕರದ್ರ?”

“ಊಟಾ ಬಿಟ್ಟ ಹೋದಾಂವ ಆಂವ. ನಾ ಯಾಕ ಹೋಗ್ಲಿ?”

ಕಾಕಾ ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ದೀಪಾವಳಿ ಆದ ಮೇಲೆ ಬಾ, ಹುಡುಕಿ ಇಡುತ್ತೇನೆ ಎಂದರು. ಆ ಮಾತು ಕೊಡುವಾಗ, ದೀಪಾವಳಿಗೆ ಮುಂಚೆ ಸುಣ್ಣ ಇರುತ್ತದೆ ಎನ್ನುವುದನ್ನು ಅವರು ಮರೆತಿದ್ದರು.

ನಮ್ಮ ಕಾಕು ಸ್ವಚ್ಛತೆಗೆ ಹೆಸರಾದವರು. ಕಾಕಾ ಘೋಡಗೇರಿಯ ಲಗ್ನಕ್ಕೆ ಹೋದ ದಿನ ಅಂಗಡಿಯನ್ನೆಲ್ಲ ಹೊರಗೆ ಹಾಕಿಸಿ ಸುಣ್ಣ ಹೊಡೆಸಿದರು. ತಿರುಗಿ ಜೋಡಿಸುವಾಗ ಎಲ್ಲ ಕ್ಯಾಸೆಟ್ಟುಗಳನ್ನೂ ಒರೆಸಿ ಇಟ್ಟಂಗಿ ಗೋಡೆ ಕಟ್ಟಿದ ಹಾಗೆ ಕಪಾಟಿನಲ್ಲಿ ಸಾಲಾಗಿಟ್ಟರು. ಚೀಟಿಗಳನ್ನೆಲ್ಲ ಕೂಡಿಸಿ, ದೂಳು ಝಾಡಿಸಿ, ಚಕ್ಕುಲಿಯ ದೊಡ್ಡ ಡಬ್ಬಿಯಲ್ಲಿ ತುಂಬಿ ಮುಚ್ಚಿದರು. ಡಬ್ಬಿ ಡಬ್ಬಿಯ ಕೂಡ, ಕಾಗದ ಕಾಗದದ ಕೂಡ. ನಾನೂ ನೋಡಿ, “ಎಷ್ಟ ಛಂದ ಆತ್ರಿ ಕಾಕು” ಎಂದೆ. ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಕಾಕಾ ಬಂದು ಕಪಾಟು ನೋಡಿದರು. ಡಬ್ಬಿ ತೆರೆದು ನೋಡಿದರು. ಮೂರು ತಾಲ್ಲೂಕಿನ ಲಗ್ನಗಳು ಒಂದು ಕಡೆ, ಅವುಗಳ ಬಾಯಿ ಇನ್ನೊಂದು ಕಡೆ. ಕ್ಯಾಸೆಟ್ಟಿನ ಮೇಲಂತೂ ಒಂದಕ್ಷರವಿಲ್ಲ; ಬರೆಯಲು ಬಿಟ್ಟವರಾರು? ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎಡಗಣ್ಣು ಪೂರ್ತಿ ತೆರೆದದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಕಾಕುವಿಗೆ ಈಗ ಅರ್ಥವಾಯಿತು. ಕೈಯಲ್ಲಿನ ಸುಣ್ಣದ ಬ್ರಷ್ಷು ಕೆಳಗಿಟ್ಟು, “ಬೈಯ್ರಿ. ಒಮ್ಮೆ ಬೈದ ಬಿಡ್ರಿ, ನನಗೂ ಹಗೂರ ಆಗ್ತೈತಿ” ಎಂದರು.

ಕಾಕಾ ಹೆಂಡತಿಯ ಮೂಗಿನ ಮೇಲಿದ್ದ ಸುಣ್ಣ ನೋಡಿದರು, ನಗು ಬಂತು. “ಹೆಂಗ ಬೈಲಿ? ಇಷ್ಟ ಛಂದ ಕಪಾಟ ನಾ ಎಂದೂ ನೋಡಿದ್ದಿಲ್ಲ.” ಡಬ್ಬಿಯ ಮುಚ್ಚಳ ಹಾಕಿ ಅಂದರು, “ಚೀಟಿ ಹೋದ್ರ ಹೋತು. ಜನ ಅದಾರಲ! ಟಿವಿ ಹೊರಗ ಇಡು. ಸಂತಿಗೆ ಬಂದಾವ್ರಿಗೆಲ್ಲ ಹೇಳು, ಬಂದು ತಮ್ಮ ತಮ್ಮ ಲಗ್ನಾ ಗುರ್ತ ಹಿಡೀರಿ ಅಂತ. ಇನ್ನ ಮುಂದ ಜನಾನ ಚೀಟಿ.”

ಹಾಗೆ ಶುರುವಾಯಿತು ನೋಡಿ ನಮ್ಮ ಅಂಗಡಿ ಕಟ್ಟೆಯ ಮೇಲಿನ ಜಾತ್ರೆ. ಬೆಳಿಗ್ಗೆ ಟಿವಿ ಹೊರಗೆ ಬರುತ್ತಿತ್ತು. ರೈಲು ಇಳಿದವರು, ಬಸ್ಸು ತಪ್ಪಿದವರು, ಸಂತೆಯ ಚೀಲ ಹೊತ್ತವರು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಕಾಕಾ ಕೈಗೆ ಸಿಕ್ಕ ಕ್ಯಾಸೆಟ್ ಹಾಕುತ್ತಿದ್ದರು. ಮದುಮಗಳನ್ನು ನೋಡಿ ಗುರುತು ಹಿಡಿಯುವುದಂತೂ ಆಗದ ಮಾತು; ಪೌಡರ್ ಬಳಿದ ಮೇಲೆ ಎಲ್ಲ ಮದುಮಕ್ಕಳೂ ಒಂದೇ ತಾಯಿಯ ಮಕ್ಕಳು. ಜನ ಬೇರೆಯದರಿಂದ ಹಿಡಿಯುತ್ತಿದ್ದರು. “ಆ ಸೌಟ ನಮ್ಮದು, ಲಗ್ನದಾಗ ಕಳದಿತ್ತು, ಬಡಿಸೂ ಆ ಕೈ ಯಾರದ್ದು ನಿಲ್ಲಸ್ರಿ!” “ಏ, ಆ ನಾಯಿ ಅಂಕಲಗೀದು, ಎಲ್ಲಾರ ಲಗ್ನಕ್ಕೂ ಅದ ಹೋಗ್ತಿತ್ತು.” ನಾನು ಬ್ಲೌಸುಗಳಿಂದ ಗುರುತು ಹೇಳುತ್ತಿದ್ದೆ. ಪಫ್ ತೋಳಿಟ್ಟವರು ಯಾರು, ಅಳತೆಗಿಂತ ಬಿಗಿ ಹೊಲಿಸಿಕೊಂಡು ಕೈ ಎತ್ತಲಾಗದೆ ಅಕ್ಕಿಕಾಳನ್ನು ಕೆಳಗಿನಿಂದಲೇ ಎಸೆಯುತ್ತಿದ್ದವರು ಯಾರು, ಅದೆಲ್ಲ ನನಗೆ ಗೊತ್ತಲ್ಲ.

ಒಂದೊಂದೇ ಚೀಟಿ ಡಬ್ಬಿಯಿಂದ ಹೊರಬಂದು ತನ್ನ ಕ್ಯಾಸೆಟ್ಟು ಸೇರುತ್ತಿತ್ತು. ಕಾಕು ಈಗ ಪ್ರಾಯಶ್ಚಿತ್ತಕ್ಕೆಂದು ಎರಡಕ್ಕೂ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು.

ಹೀಗೊಂದು ದಿನ ಹುಕ್ಕೇರಿಯ ತಮ್ಮ ಬಂದ. ಅವನ ಮಗನ ಮೊದಲ ಕೂದಲು ತೆಗೆಸಿದ ಜಾವಳದ ಕ್ಯಾಸೆಟ್ಟೂ ಆ ರಾಶಿಯಲ್ಲಿತ್ತು, ಕಾಕಾ ಹೇಳಿಕಳಿಸಿದ್ದರು. ಆತ ಕುಳಿತ ಕೂಡಲೇ ಬೆಂಚು ಆ ಕಡೆ ಇಳಿಯಿತು. ಅವನು ಕುಳಿತು ಚಹಾ ಕುಡಿಯುವಷ್ಟರಲ್ಲಿ ಮೂಡಲಗಿ ಬಸ್ಸಿನಿಂದ ಅಕ್ಕ ಇಳಿದಳು. ಇದನ್ನು ಕಾಕಾ ಬೇಕೆಂದೇ ಮಾಡಿದರೇ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದೆ. “ಇಬ್ಬರಿಗೂ ಸಂತಿ ದಿನಾನ ಬರ್ರಿ ಅಂದಿದ್ದೆ. ಸಂತಿ ವಾರಕ್ಕ ಒಂದ ಅಲ್ಲೇನು?” ಎಂದಷ್ಟೇ ಹೇಳುತ್ತಿದ್ದರು.

ಅಕ್ಕ ತಮ್ಮನನ್ನು ನೋಡಿದಳು. ತಿರುಗಿ ಹೋಗಬೇಕೆಂದರೆ ಕ್ಯಾಸೆಟ್ ಬೇಕು. ಬೆಂಚಿನ ಇನ್ನೊಂದು ತುದಿಯಲ್ಲಿ ಮುಖ ತಿರುಗಿಸಿಕೊಂಡು ಕುಳಿತಳು. ನಡುವೆ ಸಂತೆಯವರು ಆರೇಳು ಜನ. ಯಾರದೋ ಲಗ್ನ ನಡೆಯುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಆ ಪರಕೀಯ ಬೀಗರನ್ನು ಹೊಟ್ಟೆಯಲ್ಲಿ ಹುಟ್ಟಿದವರನ್ನು ನೋಡಿದ ಹಾಗೆ ಕಣ್ಣು ಕೀಳದೆ ನೋಡಿದರು.

ಕಾಕಾ ಅದನ್ನು ತೆಗೆದು ಇನ್ನೊಂದು ಹಾಕಿದರು. ಹಂದರ ಕಂಡಿತು, ಅಕ್ಕಿಕಾಳು ಬೀಳುತ್ತಿತ್ತು, ಮದುಮಗಳ ಹಿಂದೆ ಗುಡ್ಡದಂಥ ಒಬ್ಬ ಮನುಷ್ಯ.

“ಏ, ಇದು ಇವರದ್ದ!” ಎಂದು ಸಂತೆಯವನೊಬ್ಬ ತಮ್ಮನ ಕಡೆ ಬೆರಳು ಮಾಡಿದ. ಉಳಿದವರು ಒಮ್ಮೆ ಟಿವಿ ನೋಡಿದರು, ಒಮ್ಮೆ ಆತನನ್ನು ನೋಡಿದರು.

“ಮುಂದ ಓಡಸ್ರಿ ಕಾಕಾ. ಗುರ್ತ ಸಿಕ್ಕಿತಲಾ” ಎಂದಳು ಅಕ್ಕ.

ಕಾಕಾ ರಿಮೋಟು ಹುಡುಕುವ ಹಾಗೆ ಮಾಡಿದರು. ಅದು ಅವರ ಅಂಗಿಯ ಕಿಸೆಯಲ್ಲಿಯೇ ಇತ್ತು, ನನಗೆ ಕಾಣುತ್ತಿತ್ತು.

ಟಿವಿಯಲ್ಲಿ ಟೊಪಗಿ ಬಂತು, ಜಾರಿತು, ನಗು ಕೇಳಿಸಿತು. ಬೆಂಚಿನವರೂ ನಗಬೇಕೆಂದು ಬಾಯಿ ತೆರೆದು, ಆತನನ್ನು ನೋಡಿ ಮುಚ್ಚಿಕೊಂಡರು. ಟಿವಿಯೊಳಗಿನ ತಮ್ಮ ಟೊಪಗಿಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ. ಬೇರೆ ವಿಡಿಯೋದವರಾಗಿದ್ದರೆ ಅಲ್ಲಿಗೆ ಬಂದ್ ಮಾಡುತ್ತಿದ್ದರು. ಕಾಕಾರದು ಬೇರೆ ರೂಢಿ. “ಕಾರ್ಯ ಮುಗದ ಮ್ಯಾಲನ ಖರೇ ಲಗ್ನಾ ಚಾಲೂ ಆಗ್ತೈತಿ” ಎಂದು ಕ್ಯಾಮೆರಾವನ್ನು ಹಾಗೆಯೇ ಓಡಿಸುತ್ತಿದ್ದರು. ಖಾಲಿ ಕುರ್ಚಿ, ಅದರ ಮೇಲೆ ಸಣ್ಣ ಟೊಪಗಿ. ಮಕ್ಕಳು ಓಡಾಡಿದವು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಜನರನ್ನು ನೂಕಿಕೊಂಡು ಓಡಿಬಂದಳು. ನಮಗೆ ಕಂಡದ್ದು ಬೆನ್ನು ಮಾತ್ರ. ಓಡಿದ ರಭಸಕ್ಕೆ ತಲೆಯ ಮೇಲಿನ ಸೆರಗು ಜಾರಿ ಬಿದ್ದಿತ್ತು. ಕೈಯಲ್ಲಿ ಇನ್ನೊಂದು ಟೊಪಗಿ, ದೊಡ್ಡದು. ಹಂದರದ ಬಾಗಿಲವರೆಗೆ ಹೋಗಿ, ಅತ್ತ ಇತ್ತ ನೋಡಿ, ಆ ಟೊಪಗಿ ಹಿಡಿದುಕೊಂಡು ಅಲ್ಲೇ ನಿಂತಳು.

“ಯಾರದು?” ಎಂದ ತಮ್ಮ. ದನಿ ಸಣ್ಣಗಾಗಿತ್ತು. “ಟೊಪಗಿ ಹಿಡಕೊಂಡು ನನ್ನ ಹಿಂದ ಓಡಿದಾಕಿ ಯಾರು?”

ಕಾಕಾ ಅರ್ಧಗಣ್ಣು ಕಿರಿದು ಮಾಡಿ ನೋಡಿದರು. ತಾವೇ ತೆಗೆದದ್ದಾದರೂ ಅವರಿಗೂ ಗೊತ್ತಿರಲಿಲ್ಲ. ನಾನು ಮಷಿನ್ನು ಬಿಟ್ಟು ಎದ್ದು ನಿಂತಿದ್ದೆ. ನೇರಳೆ ಖಣದ ಆ ಬ್ಲೌಸಿನ ಬೆನ್ನಿನಲ್ಲಿ, ಕೊರಳಿನ ಕೆಳಗೆ, ಗಿಳಿಹಸಿರಿನ ಒಂದು ತುಂಡು ಎದ್ದು ಕಾಣುತ್ತಿತ್ತು. ಖಣ ಕಡಿಮೆ ಬಿದ್ದು ನಾನೇ ಹಚ್ಚಿದ್ದೆ. ಬೇಡ ಅಕ್ಕ, ಕಾಣುತ್ತದೆ ಎಂದರೆ, “ತಲಿ ತುಂಬ ಸೆರಗ ಹೊದ್ದಿರ್ತೀನಿ, ಯಾವ ಪುಣ್ಯಾತ್ಮ ನೋಡ್ತಾನ, ಹಚ್ಚ” ಎಂದಿದ್ದಳು.

“ಆ ಹಸರ ತುಂಡ ನಾ ಹಚ್ಚಿದ್ದು!” ನನಗೇ ಗೊತ್ತಾಗದಂತೆ ಕೂಗಿಬಿಟ್ಟೆ. “ಮೂರು ತಾಲ್ಲೂಕಿನಾಗ ಅಂಥಾ ಬ್ಲೌಸ್ ಒಂದ ಐತಿ. ಅದರ ಒಡತಿ ಈ ಬೆಂಚಿನ ತುದೀಗೆ ಕುಂತಾಳ ನೋಡ್ರಿ.”

ಎಲ್ಲರೂ ತಿರುಗಿದರು. ಅಕ್ಕ ಸೆರಗು ಬಿಗಿಯಾಗಿ ಎಳೆದುಕೊಂಡಳು, ಇವತ್ತು ಅದೇ ಬ್ಲೌಸ್ ಹಾಕಿಕೊಂಡವಳ ಹಾಗೆ.

ತಮ್ಮ ಎದ್ದ. ಬೆಂಚಿನ ಆ ತುದಿ ಮೇಲೆದ್ದು ಈ ತುದಿಯವರು ಜಾರಿದರು. “ಅಕ್ಕಾ, ಅದು ನನಗ ತಂದಿದ್ದೇನು?”

“ಇಲ್ಲ. ನಮ್ಮ ಎತ್ತಿಗೆ ತಂದಿದ್ದೆ.”

“ಮತ್ತ ಒಂದ ಮಾತ ಹೇಳಬಾರದಾಗಿತ್ತೇನು?”

“ಹೇಳಾಕ ನೀ ನಿಂತಿದ್ದೇನು? ಅಷ್ಟು ದೊಡ್ಡ ಮೈ ಇಟಕೊಂಡು ಅಷ್ಟು ಲಗೂ ಹೆಂಗ ಹೋದ್ಯೋ? ನಾ ಬಾಗಲಕ್ಕ ಬರೂದ್ರಾಗ ಮಾಯ!”

“ಆಮ್ಯಾಲರೆ...”

“ಊಟಾ ಬಿಟ್ಟ ಹೋಗಿದ್ದಿ. ನನಗೂ ಸಿಟ್ಟ ಬಂದಿತ್ತು.”

ಆತ ಬೆಂಚು ದಾಟಿ ಹತ್ತಿರ ಬಂದ. “ಆ ಟೊಪಗಿ ಈಗ ಎಲ್ಲೈತಿ?”

“ಟ್ರಂಕಿನ್ಯಾಗ. ನುಸಿಗುಳಿಗಿ ಹಾಕಿ ಇಟ್ಟೇನಿ” ಎಂದಳು ಅಕ್ಕ. ಇಷ್ಟು ಹೇಳುವಷ್ಟರಲ್ಲಿ ದನಿ ಒಡೆಯಿತು. ಸಂತೆಯ ಹೆಂಗಸೊಬ್ಬಳು ಯಾರೆಂದು ತಿಳಿಯದಿದ್ದರೂ ಆಕೆಯ ಬೆನ್ನು ಸವರಿದಳು.

ಕಾಕು ಆಗಲೇ ಡಬ್ಬಿಯೊಳಗೆ ಕೈಹಾಕಿ ಚೀಟಿ ಹುಡುಕುತ್ತಿದ್ದರು. ಸಿಕ್ಕದ್ದನ್ನು ತಮ್ಮನೇ ಇಸಿದುಕೊಂಡು ಗಟ್ಟಿಯಾಗಿ ಓದಿದ. “ಇಲ್ಲಿ ಯಾರೋ ಒಬ್ಬರು ನಿಂತಿದ್ದಾರೆ... ಏನ್ರಿ ಕಾಕಾ, ನಾ ಯಾರೋ ಒಬ್ಬಾಂವ ಏನು?”

“ಇವತ್ತ ಮುಂಜಾನಿತನಾ ಹೌದು” ಎಂದರು ಕಾಕಾ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆತನೂ ನಕ್ಕ, ಹಂಡೆ ಅಲು‍ಗಿದ ಹಾಗೆ. ಕಾಕಾ ಕಿಸೆಯಿಂದ ಪೆನ್ನು ತೆಗೆದರು. ಆದರೆ ಬರೆಯಲಿಲ್ಲ, ಅಕ್ಕನ ಕಡೆ ತಿರುಗಿದರು. “ಚೀಟಿ ನಿಂದು ತಂಗಿ. ಏನ ಬರೀಲಿ?”

“ಇದ್ದದ್ದ ಬರೀರಿ” ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ನೋಡದೆ, ಟಿವಿಗೆ ಹೇಳುವವಳ ಹಾಗೆ ಹೇಳಿದಳು, “ಸಣ್ಣಾಕಿ ಲಗ್ನ ಐತಿ. ಆಕಿ ಹಟಾ ಹಿಡದಾಳ. ಬೆನ್ನಿಗೆ ನಿಂದ್ರಾಕ ಬರಬೇಕು. ಉಂಡ ಹೋಗಬೇಕು.”

“ಹೋಳಿಗಿ ಇದ್ರ ಬರ್ತೀನಿ” ಎಂದ ಆತ.

ಇದೆಲ್ಲ ಆದ ಮೇಲೆ ಕಾಲ ಬದಲಾಯಿತು. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿಯ ಬೆನ್ನಿಗೆ ಕಂಪ್ಯೂಟರು. ಕಾಕಾ ಮುಪ್ಪಿನಲ್ಲಿ ಎಲ್ಲ ಲಗ್ನಗಳನ್ನೂ ಅದರೊಳಗೆ ಹಾಕಿಸಿದರು. ಗೋಕಾಕದಿಂದ ಬಂದ ಕಂಪ್ಯೂಟರಿನವನು, “ಅಜ್ಜಾರ, ಹೆಸರು ಊರು ಎಲ್ಲಾ ವಿಡಿಯೋದ ಒಳಗನ ಸೇರಿಸಿ ಬಿಡ್ತೀನ್ರಿ, ಬ್ಯಾರೆ ಇಡೂ ಕಾಟ ಇರಂಗಿಲ್ಲ” ಎಂದ. ಕಾಕಾ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕುಳಿತರು. ಕಣ್ಣು, ಬಾಯಿ, ಬಾಡಿಗೆ ಮನೆ, ಯೂರಿಯಾ ಎಲ್ಲವನ್ನೂ ಹೇಳಿದರು. ಆ ಹುಡುಗ ತನ್ನ ಬಸ್ಸು ಬಿಟ್ಟುಕೊಂಡು ಕೇಳಿದ. ಕೊನೆಗೆ ಕಾಕಾ ಹೇಳಿದ ಹಾಗೆಯೇ ಮಾಡಿಕೊಟ್ಟ: ಪ್ರತಿಯೊಂದು ವಿಡಿಯೋದ ಪಕ್ಕದಲ್ಲಿ ಅದೇ ಹೆಸರಿನ ಒಂದು ಪುಟ್ಟ ಫೈಲು, ಅದರಲ್ಲಿ ಬರೀ ಅಕ್ಷರ. ಒಂದನ್ನು ಎತ್ತಿ ಬೇರೆ ಕಡೆ ಇಟ್ಟರೆ ಇನ್ನೊಂದನ್ನೂ ಎತ್ತಬೇಕು. “ಎರಡನ್ನೂ ಎಂದೂ ಅಗಲಸಬ್ಯಾಡ್ರಿ, ಇಲ್ಲಾಂದ್ರ ನಮ್ಮನ್ಯಾಕಿ ಸುಣ್ಣಾ ಹಚ್ಚಿದಂಗ ಆಗ್ತೈತಿ” ಎಂದು ಕಾಕಾ ತಾಕೀತು ಮಾಡಿದರೆ, ಒಳಗಿನಿಂದ ಕಾಕು, “ಕಂಪ್ಯೂಟರಿಗೂ ಒಮ್ಮೆ ಸುಣ್ಣಾ ಹಚ್ಚತೀನಿ ನಿಂದರ್ರಿ!” ಎಂದು ಕೂಗಿದರು.

ಮೊನ್ನೆ ಕಾಕು ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಕಿರಿಯವಳ ಲಗ್ನ ತೆಗೆದೆವು. ಅಕ್ಕಿಕಾಳು ಬೀಳುತ್ತಿದೆ, ಅಕ್ಕ ನಗುತ್ತ ಅಳುತ್ತಿದ್ದಾಳೆ, ಅವಳ ಬ್ಲೌಸಿನಲ್ಲಿ ಈ ಸಲ ತುಂಡಿಲ್ಲ. ಮದುಮಗಳ ಬೆನ್ನ ಹಿಂದೆ ಗುಡ್ಡ ನಿಂತಿದೆ. ಟ್ರಂಕಿನಿಂದ ಬಂದ ಟೊಪಗಿಯ ನುಸಿಗುಳಿಗೆಯ ವಾಸನೆಗೆ ಮದುಮಗಳು ಅಕ್ಷತೆಯ ನಡುವೆ ಒಮ್ಮೆ ಸೀನಿದಳು, ಅದೂ ಇದೆ.

ಅದರ ಬಾಜೂಕ ಇದ್ದ ಪುಟ್ಟ ಫೈಲು ತೆರೆದೆ. ಕಾಕು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು:

“ಹಿಂದೆ ನಿಂತವರು ಸೋದರಮಾವ, ಹುಕ್ಕೇರಿ. ಊಟ ಮಾಡಿ ಹೋದರು. ಟೊಪಗಿ ಸರಿಯಾಗಿ ಕೂತಿದೆ.”